ಚಾವಣಿ ಮೇಲಿನ ಸೋಲಾರ್ ಸಾಕಾ? ದಾವಣಗೆರೆ ಕ್ಯಾಂಪಸ್ ಒಂದರ ಕಾರ್ಬನ್ ಲೆಕ್ಕ

ಕಾಲೇಜೊಂದು ‘ಹಸಿರು ಕ್ಯಾಂಪಸ್’ ಆಗಬೇಕು ಎಂದು ಹೊರಟರೆ ಮೊದಲು ಆಗುವ ಕೆಲಸ ಯಾವುದು ಗೊತ್ತಲ್ಲ? ಆಡಳಿತ ಕಟ್ಟಡದ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವುದು, ರಿಬ್ಬನ್ ಕತ್ತರಿಸುವುದು, ಫೋಟೊ ತೆಗೆಸುವುದು. ತಪ್ಪೇನಿಲ್ಲ. ಆದರೆ ಆ ಪ್ಯಾನೆಲ್ ಚೆನ್ನಾಗಿ ಕೆಲಸ ಮಾಡುವುದು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ. ಹಾಸ್ಟೆಲ್ ಹುಡುಗರು ರೂಮಿಗೆ ಬಂದು ಫ್ಯಾನು, ಲೈಟು, ಲ್ಯಾಪ್‌ಟಾಪ್ ಹಾಕುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಭಾನುವಾರ ಕ್ಲಾಸ್‌ರೂಮಿಗೆ ರಜೆ, ಬಿಸಿಲಿಗೆ ರಜೆ ಇಲ್ಲ.

ಹಾಗಾಗಿ ಎಷ್ಟು ಕರೆಂಟು ಬೇಕು ಎಂಬುದರ ಜೊತೆಗೆ, ಯಾವ ಹೊತ್ತಿನಲ್ಲಿ ಬೇಕು ಎಂದೂ ಕೇಳಬೇಕು. ಹೆಚ್ಚಿನ ಯೋಜನೆಗಳು ಎಡವುವುದು ಈ ಎರಡನೇ ಪ್ರಶ್ನೆಯಲ್ಲಿ.

ನಮ್ಮ ಕಡೆ ಇದು ಕೇಳಲೇಬೇಕಾದ ಪ್ರಶ್ನೆ. ದಾವಣಗೆರೆಯಲ್ಲಿ ಕ್ಯಾಂಪಸ್‌ಗಳಿಗೆ ಬರವಿಲ್ಲ. 1951ರ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರ ಜೆಜೆಎಂ ಮೆಡಿಕಲ್, 1979ರ ಬಿಐಇಟಿ ಎಂಜಿನಿಯರಿಂಗ್ ಕಾಲೇಜು, ತೋಳಹುಣಸೆಯ ಶಿವಗಂಗೋತ್ರಿಯಲ್ಲಿ 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾನಿಲಯ. ಅದರದ್ದೇ ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಹತ್ತಿರದ ಜ್ಞಾನಗಂಗೋತ್ರಿಯಲ್ಲಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ದೇಶ 2070ಕ್ಕೆ ನೆಟ್ ಝೀರೋ (ಬಿಡುವಷ್ಟು ಇಂಗಾಲವನ್ನು ಹೀರಿಸಿ ಲೆಕ್ಕ ಸೊನ್ನೆ ಮಾಡುವುದು) ಆಗುತ್ತದೆ ಎಂದು 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಭಾರತ ಹೇಳಿಯಾಗಿದೆ. ಆ ಹೊತ್ತಿಗೆ ಈಗಿನ ವಿದ್ಯಾರ್ಥಿಗಳು ನಿವೃತ್ತರಾಗಿರುತ್ತಾರೆ. ಕ್ಯಾಂಪಸ್‌ಗಳು ಅಷ್ಟು ದಿನ ಕಾಯಬೇಕಿಲ್ಲ.

ಮೊದಲು ಬಿಲ್ಲು ತೆಗೆಯಿರಿ

ಕಾರ್ಬನ್ ಲೆಕ್ಕ ಕೇಳಲು ದೊಡ್ಡದು. ಮಾಡಲು ಬೇಕಾಗುವುದು ಮೂರು ಫೈಲು: ಬೆಸ್ಕಾಂ (ನಮ್ಮ ಭಾಗಕ್ಕೆ ಕರೆಂಟು ಕೊಡುವ ಕಂಪನಿ) ಬಿಲ್ಲು, ಡೀಸೆಲ್ ಬಿಲ್ಲು, ಹಾಸ್ಟೆಲ್ ಗ್ಯಾಸಿನ ಬಿಲ್ಲು. ಜಗತ್ತಿನಲ್ಲೆಲ್ಲ ಈ ಲೆಕ್ಕವನ್ನು ಮೂರು ವಿಭಾಗ ಮಾಡುತ್ತಾರೆ. ಕ್ಯಾಂಪಸ್ಸಿನೊಳಗೇ ನಾವು ಸುಡುವ ಡೀಸೆಲ್, ಗ್ಯಾಸ್ ಮೊದಲನೆಯದು. ಹೊರಗಿನಿಂದ ಕೊಳ್ಳುವ ಕರೆಂಟು ಎರಡನೆಯದು. ನಮಗಾಗಿ ಬೇರೆಯವರು ಸುಡುವುದು ಮೂರನೆಯದು. ವಿದ್ಯಾರ್ಥಿಗಳ ಬೈಕು, ಕಟ್ಟಡಕ್ಕೆ ಬಂದ ಸಿಮೆಂಟು, ಪ್ರಾಧ್ಯಾಪಕರ ವಿಮಾನಯಾನ ಎಲ್ಲವೂ ಆ ಮೂರನೆಯದರಲ್ಲಿ ಬರುತ್ತವೆ.

ಒಂದು ಕಲ್ಪನೆಯ ಕ್ಯಾಂಪಸ್ ಇಟ್ಟುಕೊಳ್ಳೋಣ. ದಾವಣಗೆರೆ ಹೊರವಲಯದಲ್ಲಿದೆ, 3,000 ವಿದ್ಯಾರ್ಥಿಗಳು, ಅವರಲ್ಲಿ 1,000 ಜನ ಹಾಸ್ಟೆಲ್‌ನಲ್ಲಿ. ಬಳಕೆಯ ಅಂಕಿಗಳನ್ನು ಉದಾಹರಣೆಗಾಗಿ ನಾನೇ ಹಿಡಿದಿದ್ದೇನೆ. ನಿಮ್ಮ ಕಾಲೇಜಿನ ಬಿಲ್ಲು ನೋಡಿ ಬದಲಾಯಿಸಿಕೊಳ್ಳಿ.

ವರ್ಷಕ್ಕೆ 15 ಲಕ್ಷ ಯೂನಿಟ್ ಕರೆಂಟು. ಭಾರತದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕ. ಅಂದರೆ 1,050 ಟನ್. ಜನರೇಟರ್ ಮತ್ತು ಕಾಲೇಜು ಬಸ್ಸುಗಳಿಗೆ ಸೇರಿ 40,000 ಲೀಟರ್ ಡೀಸೆಲ್. ಲೀಟರಿಗೆ 2.68 ಕಿಲೋದಂತೆ 107 ಟನ್. ಹಾಸ್ಟೆಲ್ ಅಡುಗೆಗೆ 25,000 ಕಿಲೋ ಎಲ್‌ಪಿಜಿ, ಕಿಲೋಗೆ ಸುಮಾರು 3ರಂತೆ 75 ಟನ್. ಒಟ್ಟು 1,230 ಟನ್ ಆಸುಪಾಸು.

ಇನ್ನು ಯಾವ ಫೈಲಿನಲ್ಲೂ ಸಿಗದ ಲೆಕ್ಕ ಒಂದಿದೆ. 1,500 ಹುಡುಗ ಹುಡುಗಿಯರು ಬೈಕು, ಸ್ಕೂಟಿಯಲ್ಲಿ ದಿನಕ್ಕೆ 12 ಕಿಲೋಮೀಟರ್ ಹೋಗಿಬಂದು ಮಾಡುತ್ತಾರೆ ಎನ್ನಿ. ವರ್ಷಕ್ಕೆ 200 ದಿನ. ಲೀಟರಿಗೆ 45 ಕಿಲೋಮೀಟರ್ ಹಿಡಿದರೂ 80,000 ಲೀಟರ್ ಪೆಟ್ರೋಲ್, ಅಂದರೆ 180 ಟನ್ನಿಗಿಂತ ಜಾಸ್ತಿ. ಕಾಲೇಜಿನ ಬಸ್ಸು, ಜನರೇಟರ್ ಎರಡೂ ಸೇರಿ ಬಿಡುವುದಕ್ಕಿಂತ ಪಾರ್ಕಿಂಗ್ ಶೆಡ್ಡಿನ ಬೈಕುಗಳದ್ದೇ ಹೆಚ್ಚು! ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿಗೆ ಮುಂಚೆ ತರಾತುರಿಯಲ್ಲಿ ತಯಾರಾಗಿ ಆಮೇಲೆ ಬೀರು ಸೇರುವ ಹಸಿರು ಆಡಿಟ್‌ಗಳಲ್ಲಿ ಈ ಸಾಲು ಕಾಣುವುದು ಅಪರೂಪ.

ಕರ್ನಾಟಕದಲ್ಲಿ ಇಷ್ಟೊಂದು ಗಾಳಿ, ಬಿಸಿಲು, ಜಲವಿದ್ಯುತ್ ಇದೆಯಲ್ಲ, ನಮಗೂ ಅದೇ 0.7 ಯಾಕೆ ಎಂದು ನೀವು ಕೇಳಬಹುದು. 2013ರ ಕೊನೆಯ ದಿನ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ಗೆ ಸೇರಿಕೊಂಡಿತು. ಅಲ್ಲಿಂದ ಇಡೀ ದೇಶಕ್ಕೆ ಒಂದೇ ಜಾಲ. ಹರಿಹರದಲ್ಲಿ ಉರಿಯುವ ಬಲ್ಬಿಗೆ ಕರೆಂಟು ಶರಾವತಿಯಿಂದ ಬಂತಾ, ಛತ್ತೀಸಗಢದ ಕಲ್ಲಿದ್ದಲಿನಿಂದ ಬಂತಾ ಎಂದು ಬೇರ್ಪಡಿಸಲು ಆಗುವುದಿಲ್ಲ. ಅದಕ್ಕೇ ಸರಾಸರಿ.

ಫ್ಯಾನಿನ ಮಾತು

ಪ್ಯಾನೆಲ್ ಕೊಳ್ಳುವ ಮುಂಚೆ ಬಳಕೆ ಇಳಿಸಬೇಕು. ಇದು ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. ಯಾಕೆಂದರೆ ಫ್ಯಾನು ಬದಲಿಸಿದ್ದಕ್ಕೆ ಉದ್ಘಾಟನಾ ಸಮಾರಂಭ ಇರುವುದಿಲ್ಲ.

ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಎಂಬ ಹೊಸ ಬಗೆ ಮೋಟಾರಿನ ಫ್ಯಾನು 30 ವ್ಯಾಟ್‌ನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ನಮ್ಮ ಕಲ್ಪನೆಯ ಕ್ಯಾಂಪಸ್‌ನಲ್ಲಿ 2,000 ಫ್ಯಾನು, ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ತಿರುಗಿದರೆ ಉಳಿಯುವುದು 1.8 ಲಕ್ಷ ಯೂನಿಟ್. ಅಷ್ಟು ಕರೆಂಟನ್ನು ಸೋಲಾರ್‌ನಲ್ಲಿ ಹುಟ್ಟಿಸಬೇಕೆಂದರೆ 120 ಕಿಲೋವ್ಯಾಟ್‌ನ ಪ್ಯಾನೆಲ್ ಬೇಕು. ಅದಕ್ಕಿಂತ ಮುಖ್ಯವಾದದ್ದು, ಹಾಸ್ಟೆಲ್ ಫ್ಯಾನು ಉಳಿಸುವುದು ರಾತ್ರಿಯ ಯೂನಿಟ್. ಸೋಲಾರ್‌ಗೆ ಕೈಗೆಟುಕದ ಹೊತ್ತಿನದ್ದು.

ಚಾವಣಿಗೆ ಬಿಳಿ ಬಣ್ಣ ಬಳಿಯುವುದೂ ಇದೇ ಸಾಲಿನದು. ದಾವಣಗೆರೆಯ ಏಪ್ರಿಲ್‌ನಲ್ಲಿ ಮೇಲಿನ ಮಹಡಿಯ ಕ್ಲಾಸಿನಲ್ಲಿ ಕುಳಿತವರಿಗೆ ಇದರ ಬೆಲೆ ವಿವರಿಸಬೇಕಿಲ್ಲ. ಎಸಿಯನ್ನು ಒಂದು ಡಿಗ್ರಿ ಮೇಲಕ್ಕೆ ಇಟ್ಟರೆ ಸುಮಾರು ಶೇಕಡಾ 6ರಷ್ಟು ಕರೆಂಟು ಉಳಿಯುತ್ತದೆ. ಅಷ್ಟು ಸಾಕು, ಮುಂದೆ ಹೋಗೋಣ.

ಹಗಲು ಸೂರ್ಯ, ಮಳೆಗಾಲಕ್ಕೆ ದುರ್ಗದ ಗಾಳಿ

ಈಗ ಬೇಡಿಕೆ 13.2 ಲಕ್ಷ ಯೂನಿಟ್‌ಗೆ ಇಳಿದಿದೆ. ಚಾವಣಿಗೆ ಬರೋಣ.

ನಮ್ಮ ಭಾಗದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅದಕ್ಕೆ 10 ಚದರ ಮೀಟರ್ ಜಾಗ ಬೇಕು. 500 ಕಿಲೋವ್ಯಾಟ್ ಹಾಕಿದರೆ ವರ್ಷಕ್ಕೆ 7.25 ಲಕ್ಷ ಯೂನಿಟ್, ಜಾಗ ಒಂದೂಕಾಲು ಎಕರೆ ಚಾವಣಿ. 500ರ ಅಂಕಿ ಸುಮ್ನೆ ಹಿಡಿದದ್ದಲ್ಲ. 2021ರಲ್ಲಿ ತಿದ್ದಿದ ಕೇಂದ್ರದ ನಿಯಮದಲ್ಲಿ ನೆಟ್ ಮೀಟರಿಂಗ್ (ನಾವು ಗ್ರಿಡ್ಡಿಗೆ ಕೊಟ್ಟ ಯೂನಿಟ್ಟನ್ನು ಬಿಲ್ಲಿನಲ್ಲಿ ಕಳೆಯುವುದು) ಮಿತಿ 500 ಕಿಲೋವ್ಯಾಟ್ ಅಥವಾ ನಿಮಗೆ ಮಂಜೂರಾದ ಲೋಡ್, ಎರಡರಲ್ಲಿ ಯಾವುದು ಕಡಿಮೆಯೋ ಅದು. ಬಿಸಿಲಿನ ಝಳ ಜಾಸ್ತಿ ಇದ್ದರೆ ಕರೆಂಟೂ ಜಾಸ್ತಿ ಎಂದುಕೊಳ್ಳಬೇಡಿ. ಪ್ಯಾನೆಲ್‌ಗೆ ಬೇಕಾಗಿರುವುದು ಬೆಳಕು, ಶಾಖವಲ್ಲ. 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಅದರ ಶಕ್ತಿ ಶೇಕಡಾ 0.35ರಿಂದ 0.4ರಷ್ಟು ಕುಗ್ಗುತ್ತದೆ. ಬೇಸಿಗೆಯಲ್ಲಿ ಪ್ಯಾನೆಲ್ಲಿನ ಮೈ 60 ಡಿಗ್ರಿ ಮುಟ್ಟುವುದು ಮಾಮೂಲು.

ಇನ್ನೊಂದು ವಿಷಯ ಹಲವರಿಗೆ ಆಶ್ಚರ್ಯ ತರಿಸುತ್ತದೆ. ಕರೆಂಟು ಹೋದಾಗ ಚಾವಣಿಯ ಸೋಲಾರ್ ಕೂಡ ನಿಂತುಹೋಗುತ್ತದೆ. ಗ್ರಿಡ್‌ಗೆ ಜೋಡಿಸಿದ ಇನ್ವರ್ಟರನ್ನು ಮಾಡಿರುವುದೇ ಹಾಗೆ. ಲೈನ್ ಆಫ್ ಆಗಿದೆ ಎಂದು ಲೈನ್‌ಮನ್ ಕಂಬ ಹತ್ತಿರುತ್ತಾನೆ. ಆಗ ನಮ್ಮ ಪ್ಯಾನೆಲ್ ತಂತಿಗೆ ಕರೆಂಟು ತಳ್ಳಿದರೆ ಅವನ ಜೀವಕ್ಕೇ ಸಂಚಕಾರ. ಜನರೇಟರ್ ಜೊತೆಗೋ ಬ್ಯಾಟರಿ ಜೊತೆಗೋ ಹೊಂದಿಕೊಂಡು ನಡೆಯುವ ವ್ಯವಸ್ಥೆ ಬೇಕಿದ್ದರೆ ಟೆಂಡರ್‌ನಲ್ಲೇ ಬರೆಯಬೇಕು.

ಉಳಿಯಿತು ಸುಮಾರು 6 ಲಕ್ಷ ಯೂನಿಟ್. ಹೆಚ್ಚಿನದು ಸಂಜೆಯದು, ರಾತ್ರಿಯದು, ಮೋಡ ಕವಿದ ಜೂನ್-ಜುಲೈನದು. ಇಲ್ಲಿ ನಮ್ಮ ಭಾಗಕ್ಕೆ ಬೇರೆ ಊರುಗಳಿಗಿಲ್ಲದ ಅನುಕೂಲ ಇದೆ. ಚಿತ್ರದುರ್ಗದ ಗುಡ್ಡಗಳು ಗಾಳಿಗೆ ಹೆಸರುವಾಸಿ. ಜೋಗಿಮಟ್ಟಿ ಕಡೆ ಹೋದವರು ಸಾಲಾಗಿ ತಿರುಗುವ ರೆಕ್ಕೆಗಳನ್ನು ನೋಡಿಯೇ ಇರುತ್ತೀರಿ. ನೈಋತ್ಯ ಮಾನ್ಸೂನ್ ಗಾಳಿ ಜೋರಾಗುವುದು ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಸೋಲಾರ್ ಮಂಕಾಗುವ ಹೊತ್ತಿಗೇ. ಗಾಳಿಗೆ ರಾತ್ರಿ ಪಾಳಿಯೂ ಉಂಟು. ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ. ಅದಕ್ಕೇ ಕಾಲೇಜಿನ ಚಾವಣಿ ಮೇಲೆ ಪುಟ್ಟ ಫ್ಯಾನು ನಿಲ್ಲಿಸುವುದು ಬರೀ ಅಲಂಕಾರ. ಗುಡ್ಡದ ನೆತ್ತಿಯ ದೊಡ್ಡ ಟರ್ಬೈನ್‌ನಲ್ಲಿ ಪಾಲು ತೆಗೆದುಕೊಳ್ಳುವುದು ನಿಜವಾದ ಕೆಲಸ. 2 ಮೆಗಾವ್ಯಾಟ್‌ನ ಒಂದು ಟರ್ಬೈನ್ ಒಳ್ಳೆಯ ಜಾಗದಲ್ಲಿ ವರ್ಷಕ್ಕೆ 50 ಲಕ್ಷ ಯೂನಿಟ್ ಹತ್ತಿರ ಕೊಡುತ್ತದೆ. ನಮಗೆ ಬೇಕಾದದ್ದು ಅದರ ಎಂಟನೇ ಒಂದು ಭಾಗ.

ಎಂಟನೇ ಒಂದು ಭಾಗ ಕೊಳ್ಳುವುದು ಹೇಗೆ? ಕಾನೂನಿನಲ್ಲಿ ದಾರಿ ಇದೆ. 2005ರ ವಿದ್ಯುತ್ ನಿಯಮಗಳ ಪ್ರಕಾರ ಹಲವು ಬಳಕೆದಾರರು ಸೇರಿ ಒಂದು ಸ್ಥಾವರದಲ್ಲಿ ಕನಿಷ್ಠ ಶೇಕಡಾ 26ರಷ್ಟು ಬಂಡವಾಳ ಹಾಕಿ, ಅದರ ಕರೆಂಟಿನಲ್ಲಿ ಶೇಕಡಾ 51ರಷ್ಟನ್ನಾದರೂ ತಾವೇ ಬಳಸಿದರೆ ಅದು ಅವರ ‘ಕ್ಯಾಪ್ಟಿವ್’ ಸ್ಥಾವರ. ಬಂಡವಾಳ ಬೇಡ, ಸುಮ್ನೆ ಕೊಳ್ಳುತ್ತೇವೆ ಎಂದರೆ ಹಸಿರು ಕರೆಂಟನ್ನು ಉತ್ಪಾದಕರಿಂದಲೇ ನೇರ ಕೊಳ್ಳಲು ಬಿಡುವ 2022ರ ಗ್ರೀನ್ ಎನರ್ಜಿ ಓಪನ್ ಆಕ್ಸೆಸ್ ನಿಯಮ 100 ಕಿಲೋವ್ಯಾಟ್ ಲೋಡ್ ಇರುವ ಬಳಕೆದಾರರಿಗೂ ಬಾಗಿಲು ತೆರೆದಿದೆ. ನನ್ನ ಅಭಿಪ್ರಾಯದಲ್ಲಿ ಮೊದಲನೆಯದೇ ವಾಸಿ. ದಾವಣಗೆರೆ, ಚಿತ್ರದುರ್ಗದ ಏಳೆಂಟು ಕಾಲೇಜುಗಳು ಒಟ್ಟಾದರೆ ಒಂದು ಟರ್ಬೈನ್ ತುಂಬುತ್ತದೆ. ಎರಡೂ ಜಿಲ್ಲೆ ಬೆಸ್ಕಾಂ ವ್ಯಾಪ್ತಿಯಲ್ಲೇ ಇರುವುದರಿಂದ ಓಡಾಟವೂ ಕಡಿಮೆ. ಒಂದೇ ಆಡಳಿತ ಮಂಡಳಿ ಹತ್ತಾರು ಕಾಲೇಜು ನಡೆಸುವ ಊರಿದು. ಇಂಥ ಒಪ್ಪಂದಕ್ಕೆ ಬೇಕಾದ ಗಾತ್ರ ಕೆಲವರಿಗೆ ಈಗಾಗಲೇ ಇದೆ.

ಒಂದು ತೊಡಕಿದೆ. ಜುಲೈನಲ್ಲಿ ಹುಟ್ಟಿದ ಗಾಳಿ ಕರೆಂಟನ್ನು ಮಾರ್ಚ್‌ಗೆ ಇಟ್ಟುಕೊಳ್ಳಬಹುದೇ? ಗ್ರಿಡ್‌ಗೆ ಕೊಟ್ಟು ಆಮೇಲೆ ಪಡೆಯುವುದಕ್ಕೆ ‘ಬ್ಯಾಂಕಿಂಗ್’ ಎನ್ನುತ್ತಾರೆ. 2022ರ ನಿಯಮ ಖಾತ್ರಿ ಕೊಡುವುದು ತಿಂಗಳ ಮಟ್ಟಿನ ಬ್ಯಾಂಕಿಂಗ್‌ಗೆ, ಅದೂ ತಿಂಗಳ ಬಳಕೆಯ ಶೇಕಡಾ 30ರವರೆಗೆ. ವೀಲಿಂಗ್ (ಬೇರೆಡೆ ಹುಟ್ಟಿದ ಕರೆಂಟನ್ನು ಗ್ರಿಡ್ಡಿನ ತಂತಿಯಲ್ಲಿ ತರುವುದು) ಮತ್ತಿತರ ಶುಲ್ಕವನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಆಗಾಗ ಬದಲಿಸುತ್ತಿರುತ್ತದೆ. ವರ್ಷದ ಒಟ್ಟು ಯೂನಿಟ್ ನೋಡಿ ಒಪ್ಪಂದಕ್ಕೆ ಸಹಿ ಹಾಕಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ತಿಂಗಳು ತಿಂಗಳಿನ ತಾಳೆ ಬೇಕು.

ವರ್ಷದ ಸೊನ್ನೆ, ಗಂಟೆಯ ಸೊನ್ನೆ

2015ರಲ್ಲಿ ಕೊಚ್ಚಿ ವಿಮಾನ ನಿಲ್ದಾಣ 12 ಮೆಗಾವ್ಯಾಟ್ ಸೋಲಾರ್ ಹಾಕಿ ಪೂರ್ತಿ ಸೌರಶಕ್ತಿಯಲ್ಲಿ ನಡೆಯುವ ಜಗತ್ತಿನ ಮೊದಲ ನಿಲ್ದಾಣ ಎನಿಸಿಕೊಂಡಿತು. ಹಗಲು ಹೆಚ್ಚಾದದ್ದನ್ನು ಗ್ರಿಡ್‌ಗೆ ಕೊಟ್ಟು ರಾತ್ರಿ ವಾಪಸ್ ಪಡೆಯುವುದು ಅದರ ಲೆಕ್ಕ. ಬೆಳಿಗ್ಗೆ ಪಕ್ಕದ ಮನೆಗೆ ಹಾಲು ಕೊಟ್ಟು ರಾತ್ರಿ ಕಾಫಿಗೆ ಅವರಿಂದಲೇ ಇಸಿದುಕೊಂಡ ಹಾಗೆ. ಲೋಟದ ಲೆಕ್ಕ ಸರಿಹೋಗುತ್ತದೆ. ಆದರೆ ಬೆಳಿಗ್ಗೆ ಬೀದಿಯ ಎಲ್ಲ ಮನೆಯಲ್ಲೂ ಹಾಲು ಉಕ್ಕುತ್ತಿದ್ದು ರಾತ್ರಿ ಯಾರಲ್ಲೂ ಇಲ್ಲದಿದ್ದರೆ?

ಕರ್ನಾಟಕದ ಗ್ರಿಡ್‌ಗೆ ಈಗ ಆಗುತ್ತಿರುವುದು ಸುಮಾರು ಅದೇ. ಪಕ್ಕದ ಪಾವಗಡದಲ್ಲೇ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಮಧ್ಯಾಹ್ನ ಕರೆಂಟಿನ ಸುಗ್ಗಿ. ಸಂಜೆ ಆರಾಗುತ್ತಲೂ ಶರಾವತಿಯ ನೀರು, ರಾಯಚೂರು-ಬಳ್ಳಾರಿಯ ಕಲ್ಲಿದ್ದಲು ನೆನಪಾಗುತ್ತವೆ. ಹಾಗಾಗಿ ಮಧ್ಯಾಹ್ನ ನಾವು ಕೊಟ್ಟ ಯೂನಿಟ್ಟೂ ರಾತ್ರಿ ಪಡೆದ ಯೂನಿಟ್ಟೂ ಮೀಟರಿನಲ್ಲಿ ಒಂದೇ, ಹೊಗೆಯಲ್ಲಿ ಒಂದೇ ಅಲ್ಲ. ವರ್ಷದ ಲೆಕ್ಕ ಸೊನ್ನೆ ಮಾಡುವುದು ಮೊದಲ ಹೆಜ್ಜೆ. ಗಂಟೆ ಗಂಟೆಯ ಲೆಕ್ಕ ಸೊನ್ನೆ ಮಾಡುವುದು ನಿಜವಾದ ಕಷ್ಟ. ಅದಕ್ಕೆ ಗಾಳಿ ಬೇಕು, ಸ್ವಲ್ಪ ಬ್ಯಾಟರಿ ಬೇಕು. ಕೆಲವು ಕೆಲಸಗಳನ್ನು ಹಗಲಿಗೆ ತಳ್ಳುವ ಜಾಣತನವೂ ಬೇಕು. ಬೋರ್‌ವೆಲ್ ಪಂಪು ರಾತ್ರಿ ಹನ್ನೊಂದಕ್ಕೆ ಓಡಬೇಕೆಂದೇನಿಲ್ಲ. ಓವರ್‌ಹೆಡ್ ಟ್ಯಾಂಕ್ ಮಧ್ಯಾಹ್ನ ತುಂಬಿಸಿದರೆ ಅದೇ ಒಂದು ಬ್ಯಾಟರಿ. ಪಾರ್ಕಿಂಗ್ ಶೆಡ್ಡಿನ ಮೇಲೆ ಪ್ಯಾನೆಲ್ ಹಾಕಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್ ಇಟ್ಟರೆ ಇನ್ನೂ ಚೆಂದ. ಗಾಡಿ ನಿಂತಿರುವ ಹೊತ್ತೇ ಬಿಸಿಲಿನ ಹೊತ್ತು.

ಅಡುಗೆಮನೆಗೆ ಅವಸರ ಬೇಡ

ಗ್ಯಾಸ್ ಬಿಟ್ಟು ಇಂಡಕ್ಷನ್‌ಗೆ ಹೋಗಿ ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಗ್ಯಾಸಿನಲ್ಲಿ 12.8 ಯೂನಿಟ್‌ನಷ್ಟು ಶಾಖ ಇದೆ. ಪಾತ್ರೆಗೆ ತಲುಪುವುದು ಅದರಲ್ಲಿ ಶೇಕಡಾ ಅರವತ್ತು ಎಂದರೂ, ಅದೇ ಕೆಲಸಕ್ಕೆ ಇಂಡಕ್ಷನ್‌ನಲ್ಲಿ 9 ಯೂನಿಟ್ ಬೇಕು. ಗ್ರಿಡ್ ಕರೆಂಟಾದರೆ 6.3 ಕಿಲೋ ಇಂಗಾಲದ ಡೈಆಕ್ಸೈಡ್. ಗ್ಯಾಸಿನದು 3! ಇವತ್ತಿನ ಕರೆಂಟಿನಲ್ಲಿ ಅಡುಗೆಮನೆ ಬದಲಿಸಿದರೆ ಮಾಲಿನ್ಯ ಎರಡರಷ್ಟಾಗುತ್ತದೆ. ಗಾಳಿ, ಸೋಲಾರ್ ಒಪ್ಪಂದ ಕೈಗೆ ಬಂದ ಮೇಲೆ ಬದಲಿಸಿದರೆ ಸೊನ್ನೆಯ ಹತ್ತಿರ ಹೋಗುತ್ತದೆ. ಕೆಲಸ ಅದೇ, ಹಿಂದುಮುಂದಾದರೆ ಫಲ ತಲೆಕೆಳಗು. ಸ್ಕೂಟರ್ ವಿಷಯ ಹಾಗಲ್ಲ. ಅದು ಗ್ರಿಡ್ ಕರೆಂಟಿನಲ್ಲಿ ಓಡಿದರೂ ಪೆಟ್ರೋಲ್ ಗಾಡಿಯ ಅರ್ಧಕ್ಕಿಂತ ಕಡಿಮೆ ಇಂಗಾಲ ಬಿಡುತ್ತದೆ. ಅದನ್ನು ಇವತ್ತೇ ಶುರು ಮಾಡಬಹುದು.

ಹಾಸ್ಟೆಲ್ ಮುಸುರೆಯಿಂದ ಬಯೋಗ್ಯಾಸ್ ಮಾಡುವುದು ಒಳ್ಳೆಯದೇ, ಕಸ ಖಾಲಿಯಾಗುತ್ತದೆ. ಆದರೆ ದಿನಕ್ಕೆ 100 ಕಿಲೋ ಮುಸುರೆಯಿಂದ ಸಿಗುವುದು ನಾಲ್ಕೈದು ಕಿಲೋ ಎಲ್‌ಪಿಜಿಗೆ ಸಮ. ನಮ್ಮ ಹಾಸ್ಟೆಲ್‌ಗೆ ಬೇಕಾದದ್ದು ದಿನಕ್ಕೆ ಸರಾಸರಿ 70 ಕಿಲೋ ಹತ್ತಿರ. ಭತ್ತದ ಹೊಟ್ಟು ಸುಟ್ಟು ಹಬೆಯಲ್ಲಿ ಅನ್ನ ಬೇಯಿಸಬಹುದು. ಭದ್ರಾ ಕಾಲುವೆಯ ನಾಡಿನಲ್ಲಿ ಹೊಟ್ಟಿಗೆ ಕೊರತೆ ಇಲ್ಲ. ಪೈರು ಮತ್ತೆ ಬೆಳೆಯುವುದರಿಂದ ಇಂಗಾಲದ ಲೆಕ್ಕದಲ್ಲಿ ಅದು ಪಾಸು. ಹೊಗೆಯ ಲೆಕ್ಕವೇ ಬೇರೆ. ಮಂಡಕ್ಕಿ ಭಟ್ಟಿಗಳ ಪಕ್ಕ ಬದುಕಿದ ದಾವಣಗೆರೆಯವರಿಗೆ ಅದನ್ನು ಬಿಡಿಸಿ ಹೇಳಬೇಕೇ?

ಡೀಸೆಲ್ ಜನರೇಟರ್ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಲೀಟರಿಗೆ ಮೂರು ಚಿಲ್ಲರೆ ಯೂನಿಟ್ ಕೊಡುವುದರಿಂದ ಯೂನಿಟ್‌ಗೆ 0.8 ಕಿಲೋ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ, ಗ್ರಿಡ್‌ಗಿಂತ ಸ್ವಲ್ಪವೇ ಜಾಸ್ತಿ. ನೋಯುವುದು ಜೇಬು, ಯೂನಿಟ್‌ಗೆ ಇಂಧನದ ಖರ್ಚೇ 25 ರೂಪಾಯಿ ದಾಟುತ್ತದೆ. ಆಸ್ಪತ್ರೆ ಇರುವ ಕ್ಯಾಂಪಸ್‌ನಲ್ಲಿ ಅದನ್ನು ಕೊನೆಯವರೆಗೂ ಇಟ್ಟುಕೊಳ್ಳಲೇಬೇಕು. ಉಳಿದ ಕಡೆ ಹಳೆಯದು ಕೆಟ್ಟಾಗ ಹೊಸ ಜನರೇಟರ್ ಬದಲು ಬ್ಯಾಟರಿ ತರಬಹುದು.

ಗಿಡ ನೆಟ್ಟರೆ ತೀರಿತೇ?

ಏನೇ ಮಾಡಿದರೂ ಒಂದಿಷ್ಟು ಟನ್ ಉಳಿಯುತ್ತದೆ. ಅದಕ್ಕೆ ಗಿಡ ನೆಡುತ್ತೇವೆ ಎನ್ನುವುದು ಸುಲಭದ ಉತ್ತರ. ಬಲಿತ ಮರವೊಂದು ವರ್ಷಕ್ಕೆ 20 ಕಿಲೋ ಇಂಗಾಲದ ಡೈಆಕ್ಸೈಡ್ ಹೀರುತ್ತದೆ ಎಂದಿಟ್ಟುಕೊಂಡರೆ, ನಮ್ಮ 1,230 ಟನ್ನಿಗೆ 60 ಸಾವಿರಕ್ಕೂ ಜಾಸ್ತಿ ಮರ ಬೇಕು. ಎಕರೆಗೆ 400ರಂತೆ 150 ಎಕರೆ. ದುರ್ಗದ ಬಯಲುಸೀಮೆಯಲ್ಲಿ ಅಷ್ಟಕ್ಕೆ ನೀರು ಎಲ್ಲಿಂದ?

ಜಾಗದ ಪ್ರಶ್ನೆ ಇನ್ನೂ ಸೂಕ್ಷ್ಮ. ಚಳ್ಳಕೆರೆಯ ಅಮೃತ ಮಹಲ್ ಕಾವಲಿನ ಹುಲ್ಲುಗಾವಲನ್ನು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗ ದನ, ಕುರಿ ಮೇಯಿಸುವ ಹಳ್ಳಿಯವರು ಪ್ರತಿಭಟಿಸಿದರು. ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿತು. ನಕ್ಷೆಯಲ್ಲಿ ಖಾಲಿ ಕಾಣುವ ನೆಲ ಖಾಲಿ ಇರುವುದಿಲ್ಲ. ಹುಲ್ಲುಗಾವಲು ಮಣ್ಣಿನಲ್ಲಿ ತಾನೇ ಇಂಗಾಲ ಹಿಡಿದಿಡುತ್ತದೆ. ಅಲ್ಲಿ ಮರ ನೆಟ್ಟು, ಅಥವಾ ಪ್ಯಾನೆಲ್ ಹಾಸಿ, ಹಸಿರಾದೆವು ಎನ್ನುವುದು ನನಗಂತೂ ಒಪ್ಪಿಗೆಯಿಲ್ಲ. ಚಾವಣಿ, ಪಾರ್ಕಿಂಗ್ ಶೆಡ್ಡು ಮುಗಿಯುವವರೆಗೆ ನೆಲಕ್ಕೆ ಕೈ ಹಾಕಬಾರದು.

ಹೊರಗಿನ ಯಾವುದೋ ಕಾಡಿನ ಹೆಸರಲ್ಲಿ ಕಾರ್ಬನ್ ಕ್ರೆಡಿಟ್, ಅಂದರೆ ಬೇರೆಯವರು ಉಳಿಸಿದ ಇಂಗಾಲದ ಲೆಕ್ಕವನ್ನು, ಕೊಳ್ಳುವ ದಾರಿಯೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಹತ್ತು ಕ್ಯಾಂಪಸ್‌ಗಳನ್ನು 2025ಕ್ಕೆ ಕಾರ್ಬನ್ ನ್ಯೂಟ್ರಲ್ ಮಾಡುತ್ತೇನೆಂದು 2013ರಲ್ಲಿ ಘೋಷಿಸಿತ್ತು. ಕ್ರೆಡಿಟ್ ಕೊಂಡು ಗುರಿ ಮುಟ್ಟಬಹುದಿತ್ತು. 2023ರಲ್ಲಿ ಅದು ನೀತಿಯನ್ನೇ ತಿದ್ದಿತು. ಕ್ರೆಡಿಟ್ ಮೇಲಿನ ಅವಲಂಬನೆ ತಗ್ಗಿಸಿ, 2045ಕ್ಕೆ ತನ್ನದೇ ಹೊಗೆಯನ್ನು ಶೇಕಡಾ 90ರಷ್ಟು ಇಳಿಸುವುದು ಹೊಸ ಗುರಿ. ಇಪ್ಪತ್ತು ವರ್ಷ ತಡವಾದರೂ ಇದು ಪ್ರಾಮಾಣಿಕ ಗುರಿ ಅಲ್ವಾ?

ಸಹಿ ಹಾಕುವ ಮುಂಚೆ

ದುಡ್ಡಿನ ವಿಷಯದಲ್ಲಿ ಎರಡು ದಾರಿ. ಸ್ವಂತ ಬಂಡವಾಳ ಹಾಕಿ ಪ್ಯಾನೆಲ್ ಕೊಳ್ಳುವುದು ಒಂದು. ಕಂಪನಿಯೊಂದು ಬಂದು ತನ್ನ ಖರ್ಚಿನಲ್ಲೇ ಹಾಕಿ, 15-25 ವರ್ಷ ಯೂನಿಟ್‌ಗೆ ಇಷ್ಟು ಎಂದು ನಮ್ಮಿಂದ ಪಡೆಯುವುದು ಇನ್ನೊಂದು. ಕೈಯಲ್ಲಿ ದುಡ್ಡಿಲ್ಲದ ಸರ್ಕಾರಿ ಕಾಲೇಜುಗಳಿಗೆ ಎರಡನೆಯದೇ ಗತಿ, ಕೆಟ್ಟದ್ದೇನಲ್ಲ. ಆದರೆ ಅದಕ್ಕೆ ಮುಂಚೆ ಎಚ್‌ಟಿ (ಹೈ ಟೆನ್ಷನ್) ಮೀಟರಿನಲ್ಲಿ ದಾಖಲಾಗುವ ಹೊತ್ತುಹೊತ್ತಿನ ಬಳಕೆಯ ಮಾಹಿತಿಯನ್ನು ಬೆಸ್ಕಾಂನಿಂದ ಕೇಳಿ ಪಡೆಯಿರಿ. ಒಂದು ವರ್ಷದ್ದಾದರೂ ಬೇಕು. ಎಲೆಕ್ಟ್ರಿಕಲ್ ವಿಭಾಗದ ಕೊನೆಯ ವರ್ಷದ ಹುಡುಗರಿಗೆ ಕೊಟ್ಟರೆ ಚಂದದ ಪ್ರಾಜೆಕ್ಟ್ ಆಗುತ್ತದೆ. ರಾತ್ರಿ ಎರಡು ಗಂಟೆಗೆ ಖಾಲಿ ಲ್ಯಾಬ್ ಎಷ್ಟು ಕರೆಂಟು ತಿನ್ನುತ್ತಿದೆ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ.

ಕಟ್ಟಡದ ಕಡೆಯೂ ಒಂದು ಸಲ ಕಣ್ಣು ಹಾಯಿಸಿ. ನಮ್ಮ ಕಾಲೇಜುಗಳು ಚಾವಣಿಯಲ್ಲಿ ಕಂಬದ ಕಂಬಿ ಮೇಲಕ್ಕೆ ಬಿಟ್ಟಿರುತ್ತವೆ, ಮುಂದೆ ಇನ್ನೊಂದು ಮಹಡಿ ಏರಿಸಬೇಕು ಎಂದು. ಪ್ಯಾನೆಲ್ಲಿನ ಒಪ್ಪಂದ 15-25 ವರ್ಷದ್ದು. ಎಂಟನೇ ವರ್ಷಕ್ಕೆ ಮಹಡಿ ಮಂಜೂರಾದರೆ ಪ್ಯಾನೆಲ್ ಕೆಳಗಿಳಿಸಿ ಮತ್ತೆ ಹತ್ತಿಸುವ ಖರ್ಚು ಯಾರದು, ಅಷ್ಟು ತಿಂಗಳು ಹುಟ್ಟದ ಯೂನಿಟ್‌ಗೆ ಕಂಪನಿಗೆ ದುಡ್ಡು ಕಟ್ಟಬೇಕೇ ಬೇಡವೇ ಎಂಬುದನ್ನು ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಿ.